ಸೇನೆಯನ್ನು ಹೊರದೇಶಕ್ಕೆ ಕಳುಹಿಸಲು ಸಂಸತ್ತಿನ ಒಪ್ಪಿಗೆ ಬೇಡವೇ?

ತುಂಗಾತೀರದ ಮೇಷ್ಟ್ರು, ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಯುವ ಸಂಸತ್ತು ಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸುತ್ತಿದ್ದಾಗ ದ್ವಿತೀಯ ವರ್ಷದ ಹುಡುಗಿಯೊಬ್ಬಳು, "ಸರ್, ನಮ್ಮ ಸೈನ್ಯವನ್ನು ಬೇರೆ ದೇಶಕ್ಕೆ ಕಳುಹಿಸಬೇಕಾದರೆ ಲೋಕಸಭೆಯ ಒಪ್ಪಿಗೆ ಬೇಕು ಎಂದು ಸಂವಿಧಾನದ ಯಾವ ವಿಧಿಯಲ್ಲಿದೆ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದು ರಾತ್ರಿಯೆಲ್ಲ ಹುಡುಕಿದೆ. ಅಂಥ ವಿಧಿಯೇ ಇಲ್ಲ.

352ನೆಯ ವಿಧಿಯಲ್ಲಿ ತುರ್ತುಪರಿಸ್ಥಿತಿಯ ಘೋಷಣೆಗೆ ಒಂದು ತಿಂಗಳೊಳಗೆ ಎರಡೂ ಸದನಗಳ ಅನುಮೋದನೆ ಬೇಕೆಂದಿದೆ. ಆದರೆ ಅದು ತುರ್ತುಪರಿಸ್ಥಿತಿಗೆ ಸಂಬಂಧಿಸಿದ ಮಾತೇ ಹೊರತು ಯುದ್ಧಕ್ಕೆ ಸಂಬಂಧಿಸಿದ್ದಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು, ಮರುದಿನವೇ ನಮ್ಮ ಪಡೆಗಳು ಶ್ರೀಲಂಕಾದ ನೆಲದಲ್ಲಿದ್ದವು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಹಿಂದಿರುಗಿದವು. ಕಳುಹಿಸುವ ಮುನ್ನ ಯಾವ ಸದನದಲ್ಲೂ ಮತದಾನ ನಡೆದಿರಲಿಲ್ಲ. ಇದು ಸಂವಿಧಾನ ಬರೆದವರು ಬೇಕೆಂದೇ ಬಿಟ್ಟ ಜಾಗವೋ, ನಾವು ತುಂಬದೆ ಉಳಿಸಿಕೊಂಡ ಕೊರತೆಯೋ? ಬಲ್ಲವರು ತಿಳಿಸಬೇಕು.

ಸಾಗರದ ಅಡಿಕೆ ಬೆಳೆಗಾರ:
ಮೇಷ್ಟ್ರೇ, ಯುದ್ಧವನ್ನು ಸಭೆ ಕರೆದು ಮಾಡಲು ಬರುವುದಿಲ್ಲ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನ ರಾಜಧಾನಿಗೆ ಬಾಡಿಗೆ ಬಂಟರು ನುಗ್ಗಿದಾಗ ಅಲ್ಲಿನ ಅಧ್ಯಕ್ಷರು ದೆಹಲಿಯ ನೆರವು ಕೇಳಿದರು. ಅಂದು ರಾತ್ರಿಯೇ ಆಗ್ರಾದಿಂದ ಹೊರಟ ನಮ್ಮ ವಿಮಾನಗಳು ಅಲ್ಲಿ ಇಳಿದವು. ಅದರ ಬದಲು ಸದಸ್ಯರಿಗೆ ನೋಟಿಸು ಕಳುಹಿಸುತ್ತ ಕುಳಿತಿದ್ದರೆ ಅಲ್ಲಿನ ಸರ್ಕಾರ ಬೆಳಗಾಗುವುದರೊಳಗೆ ಉರುಳುತ್ತಿತ್ತು.

ಹೊಸನಗರದ ವಕೀಲ:
ಮೇಷ್ಟ್ರು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ಆದರೆ ಇನ್ನೊಂದು ವಿಧಿಯನ್ನು ನೋಡಬೇಕು. 53ನೆಯ ವಿಧಿಯ ಎರಡನೆಯ ಖಂಡವು ರಕ್ಷಣಾ ಪಡೆಗಳ ಪರಮೋಚ್ಚ ದಂಡನಾಯಕತ್ವವನ್ನು ರಾಷ್ಟ್ರಪತಿಯವರಲ್ಲಿ ಇಡುತ್ತದೆ, ಜೊತೆಗೆ ಅದರ ಚಲಾವಣೆಯು ಕಾನೂನಿನ ಮೂಲಕ ನಿಯಂತ್ರಿತವಾಗತಕ್ಕದ್ದು ಎಂದೂ ಹೇಳುತ್ತದೆ. ಇದು ಅಲಂಕಾರಕ್ಕೆ ಬರೆದ ವಾಕ್ಯವಲ್ಲ. ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ 15ನೆಯ ನಮೂದು 'ಯುದ್ಧ ಮತ್ತು ಶಾಂತಿ'. ಅಂದರೆ ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ನಿಸ್ಸಂದೇಹವಾಗಿ ಇದೆ. ಸಂಸತ್ತು ಸೇನೆಯ ಶಿಸ್ತು, ನೇಮಕಾತಿ, ಸೇವಾ ನಿಯಮಗಳಿಗಾಗಿ 1950ರ ಸೇನಾ ಅಧಿನಿಯಮವನ್ನು ಮಾಡಿತು. ಸೇನೆಯನ್ನು ಹೊರದೇಶದಲ್ಲಿ ಯಾವಾಗ ಬಳಸಬಹುದು, ಯಾರು ಒಪ್ಪಬೇಕು ಎಂಬುದಕ್ಕೆ ಮಾಡಲಿಲ್ಲ.

ಕಾನೂನಿಲ್ಲದ ಜಾಗದಲ್ಲಿ ಸರ್ಕಾರಗಳು 73ನೆಯ ವಿಧಿಯನ್ನು ಆಧರಿಸುತ್ತವೆ. ಸಂಸತ್ತು ಯಾವ ವಿಷಯದಲ್ಲಿ ಕಾನೂನು ಮಾಡಬಲ್ಲದೋ ಅಲ್ಲೆಲ್ಲ ಕೇಂದ್ರದ ಕಾರ್ಯಾಂಗದ ಅಧಿಕಾರವೂ ವ್ಯಾಪಿಸುತ್ತದೆ ಎಂಬುದು ಅದರ ಸಾರ. ಕಾನೂನು ಇರದಿದ್ದರೂ ಕಾರ್ಯಾಂಗ ಕೆಲಸ ಮಾಡಬಹುದೆಂದು ಸುಪ್ರೀಂ ಕೋರ್ಟು 1955ರ ರಾಮ್ ಜವಾಯ ಕಪೂರ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣ ಶಾಲಾ ಪಠ್ಯಪುಸ್ತಕಗಳ ಮುದ್ರಣದ ಕುರಿತಾಗಿತ್ತು. ಪಠ್ಯಪುಸ್ತಕಕ್ಕೆ ಹೊಂದುವ ತತ್ತ್ವವನ್ನು ಫಿರಂಗಿಗೂ ಹೊಂದಿಸಿಕೊಂಡು ಎಷ್ಟು ಕಾಲ ಇರುವುದು ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ.

ಗೋಪಾಳದ ಹುಡುಗ:
ಅಮೆರಿಕದಲ್ಲಿ ಈ ಸಮಸ್ಯೆಯೇ ಇಲ್ಲ. ಅಲ್ಲಿ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿಗೆ ಮಾತ್ರ ಸೇರಿದ್ದು, ಅಧ್ಯಕ್ಷರು ಅದನ್ನು ಮೀರುವಂತಿಲ್ಲ.

ಶರಾವತಿ ಹಿನ್ನೀರು:
ತಮ್ಮಾ, ಕಾಗದದ ಮೇಲೆ ನಿಮ್ಮ ಮಾತು ನಿಜ, ನಡೆದದ್ದು ಬೇರೆ. ಅಮೆರಿಕದ ಕಾಂಗ್ರೆಸ್ಸು ವಿಧಿವತ್ತಾಗಿ ಕೊನೆಯ ಬಾರಿಗೆ ಯುದ್ಧ ಘೋಷಿಸಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಎಲ್ಲವೂ ಅದರ ನಂತರದವು. 1964ರ ಆಗಸ್ಟ್‌ನಲ್ಲಿ ವಿಯೆಟ್ನಾಂ ಬಳಿಯ ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡು ಬಾರಿ ದಾಳಿಯಾಯಿತೆಂದು ಅಲ್ಲಿನ ಸರ್ಕಾರ ಹೇಳಿತು. ಕೆಳಮನೆ 416ಕ್ಕೆ ಸೊನ್ನೆಯಂತೆ, ಸೆನೆಟ್ 88ಕ್ಕೆ ಎರಡರಂತೆ ಅಧ್ಯಕ್ಷರಿಗೆ ಅಧಿಕಾರ ಬರೆದುಕೊಟ್ಟವು. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಆ ಪಾಠದಿಂದಲೇ 1973ರಲ್ಲಿ ನಿಕ್ಸನ್ ಅವರ ನಿರಾಕರಣಾಧಿಕಾರವನ್ನು ತಳ್ಳಿಹಾಕಿ ಯುದ್ಧಾಧಿಕಾರಗಳ ನಿರ್ಣಯವನ್ನು ಕಾನೂನು ಮಾಡಿದರು. ಸೇನೆಯನ್ನು ಕಾದಾಟಕ್ಕೆ ಇಳಿಸಿದ 48 ಗಂಟೆಗಳೊಳಗೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ಹಿಂದೆಗೆಯಲು ಇನ್ನೂ 30 ದಿನ ಇದೆ. ಆದರೂ 2011ರಲ್ಲಿ ಲಿಬಿಯಾದ ಮೇಲಿನ ಕಾರ್ಯಾಚರಣೆ 60 ದಿನ ದಾಟಿದಾಗ, ಇದು ಆ ಕಾನೂನು ಹೇಳುವ ಅರ್ಥದ ಕಾದಾಟವೇ ಅಲ್ಲವೆಂದು ಒಬಾಮ ಆಡಳಿತ ವಾದಿಸಿತು. 2025ರ ಜೂನ್‌ನಲ್ಲಿ ಇರಾನಿನ ಮೂರು ಅಣುಕೇಂದ್ರಗಳ ಮೇಲೆ ಬಾಂಬು ಹಾಕುವ ಮುನ್ನ ಟ್ರಂಪ್ ಕಾಂಗ್ರೆಸ್ಸಿನ ಒಪ್ಪಿಗೆ ಕೇಳಲಿಲ್ಲ. ಮುಂದೆ ಹಾಗೆ ಮಾಡಬಾರದೆಂಬ ನಿರ್ಣಯ ಸೆನೆಟ್ಟಿನಲ್ಲಿ 47ಕ್ಕೆ 53ರಂತೆ ಬಿದ್ದುಹೋಯಿತು. ಆದ್ದರಿಂದ ಕಾನೂನು ಇದ್ದರಷ್ಟೇ ಸಾಲದು, ಅದನ್ನು ಜಗ್ಗಿ ನಿಲ್ಲಿಸುವ ಸದನವೂ ಇರಬೇಕು.

ಗೋಪಾಳದ ಹುಡುಗ:
ತಿದ್ದಿದ್ದಕ್ಕೆ ಧನ್ಯವಾದ ಅಣ್ಣ. ಪಠ್ಯದಲ್ಲಿ ಓದಿದಷ್ಟನ್ನೇ ಹೇಳಿದ್ದೆ.

ಕೊಪ್ಪದ ಸೊಸೈಟಿ ಕಾರ್ಯದರ್ಶಿ:
ನಾನು ಕಾನೂನು ಓದಿದವನಲ್ಲ, 26 ವರ್ಷ ಸಹಕಾರ ಸಂಘದ ಲೆಕ್ಕ ಬರೆದವನು. ಸಾಗರದವರ ಮಾತಿಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಆಷಾಢದ ಮಳೆಗೆ ಗೋದಾಮಿನ ಚಾವಣಿ ಹಾರಿಹೋದರೆ ಸರ್ವಸದಸ್ಯರ ಸಭೆ ಸೇರುವವರೆಗೆ ಗೊಬ್ಬರದ ಚೀಲಗಳನ್ನು ನೆನೆಯಲು ಬಿಡುವುದಿಲ್ಲ. ಅಂದೇ ಶೀಟು ತಂದು ಹೊದಿಸುತ್ತೇವೆ. ಆದರೆ ಮುಂದಿನ ಸಭೆಯಲ್ಲಿ ಆ ಖರ್ಚನ್ನು ಇಟ್ಟು ಘಟನೋತ್ತರ ಮಂಜೂರಾತಿ ಪಡೆಯಲೇಬೇಕು. ಪಡೆಯದಿದ್ದರೆ ಲೆಕ್ಕ ಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ, ಖರ್ಚು ಮಾಡಿದವರ ತಲೆಯ ಮೇಲೆ ಅದು ಬರುತ್ತದೆ. ತುರ್ತು ಎಂಬುದು ಮೊದಲು ಕೇಳದಿರುವುದಕ್ಕೆ ಕಾರಣವಾಗಬಹುದು, ಆಮೇಲೂ ಹೇಳದಿರುವುದಕ್ಕೆ ಕಾರಣವಾಗಲಾರದು. ತಗಡಿನ ಶೀಟಿಗೆ ಇರುವ ನಿಯಮ ಸಾವಿರಾರು ಯೋಧರ ಜೀವಕ್ಕೆ ಏಕಿಲ್ಲ?

ಹೊಸನಗರದ ವಕೀಲ:
ಕಾರ್ಯದರ್ಶಿಗಳು ಹೇಳಿದ ತತ್ತ್ವ ಸಂವಿಧಾನದಲ್ಲಿಯೇ ಇದೆ. ಸದನ ನಡೆಯದಿರುವಾಗ ತುರ್ತಾಗಿ ಕಾನೂನು ಬೇಕಾದರೆ 123ನೆಯ ವಿಧಿಯಂತೆ ಸುಗ್ರೀವಾಜ್ಞೆ ಹೊರಡಿಸಬಹುದು. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ಸಿಗದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ಒಂದು ತೆರಿಗೆಯ ದರ ಬದಲಿಸುವ ಸುಗ್ರೀವಾಜ್ಞೆಗೆ ಈ ಗಡುವು ಇರುವಾಗ ಹೊರದೇಶದ ನೆಲದಲ್ಲಿ ಸೇನೆ ಕಾದುವುದಕ್ಕೆ ಯಾವ ಗಡುವೂ ಇಲ್ಲದಿರುವುದು ಹೊಂದುವ ಮಾತಲ್ಲ.

ಸಾಗರದ ಅಡಿಕೆ ಬೆಳೆಗಾರ:
ಘಟನೋತ್ತರ ಎಂಬುದನ್ನು ಒಪ್ಪುತ್ತೇನೆ. ಆದರೆ ಗುಟ್ಟಿನ ಮಾತೇನು? ಸದನದಲ್ಲಿ ಆಡಿದ ಪ್ರತಿ ಮಾತನ್ನೂ ಶತ್ರು ಕೇಳಿಸಿಕೊಳ್ಳುತ್ತಾನೆ.

ನಿವೃತ್ತ ಸುಬೇದಾರ್, ಸೊರಬ:
ಸಾಮಾನ್ಯವಾಗಿ ಇಂಥ ಚರ್ಚೆಗಳಲ್ಲಿ ಬರೆಯುವವನಲ್ಲ. ಶ್ರೀಲಂಕಾದ ಹೆಸರು ಬಂದದ್ದರಿಂದ ಸುಮ್ಮನಿರಲಾಗಲಿಲ್ಲ.

1987ರಲ್ಲಿ ನಾನು ಸಿಪಾಯಿ. ಹೊರಡುವಾಗ ನಮಗೆ ತಿಳಿಸಿದ ಕೆಲಸ ತಮಿಳು ಗುಂಪುಗಳಿಂದ ಶಸ್ತ್ರ ಒಪ್ಪಿಸಿಕೊಂಡು ಎರಡು ಕಡೆಯವರ ನಡುವೆ ಶಾಂತಿ ಕಾಯುವುದು. ಜಾಫ್ನಾದ ಜನ ಮೊದಲ ದಿನಗಳಲ್ಲಿ ನಮ್ಮನ್ನು ಹಾರ ಹಾಕಿ ಎದುರುಗೊಂಡರು. ಹತ್ತು ವಾರ ಕಳೆಯುವುದರೊಳಗೆ, ಅಕ್ಟೋಬರ್ ಎರಡನೆಯ ವಾರದಲ್ಲಿ, ಅದೇ ಬೀದಿಗಳಲ್ಲಿ ಎಲ್‌ಟಿಟಿಇ ವಿರುದ್ಧ ಕಾದುವ ಆಜ್ಞೆ ಬಂತು. ಶಾಂತಿ ಕಾಯಲು ಹೋದ ಪಡೆಗೆ ಆ ಊರಿನ ನಕಾಶೆಯೂ ಸರಿಯಾಗಿ ಇರಲಿಲ್ಲ. ನನ್ನ ಪಕ್ಕದಲ್ಲೇ ಬಿದ್ದ ಗೆಳೆಯ ಧಾರವಾಡದ ಕಡೆಯವನು. ಅವನ ಪೆಟ್ಟಿಗೆಯನ್ನು ಊರಿಗೆ ಕಳುಹಿಸಲು ಕಟ್ಟಿದವನು ನಾನು.

ಊರಿನಲ್ಲಿ ಅವ್ವ ಸಂಜೆಯ ಹೊತ್ತು ಭದ್ರಾವತಿ ಆಕಾಶವಾಣಿಗೆ ಕಿವಿ ಹಚ್ಚಿ ಕೂರುತ್ತಿದ್ದಳಂತೆ. ವಾರ್ತೆಯಲ್ಲಿ ಶ್ರೀಲಂಕಾ ಎಂಬ ಮಾತು ಬಂದರೆ ಒಲೆಯ ಮುಂದಿನ ಕೆಲಸ ಬಿಟ್ಟು ಎದ್ದು ಬರುತ್ತಿದ್ದಳಂತೆ. ರಜೆಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ಯಾಕೆ ಹೋಗಿದ್ದೀರಿ?" ನನ್ನಲ್ಲಿ ಉತ್ತರವಿರಲಿಲ್ಲ. ಆಜ್ಞೆಯನ್ನು ಪ್ರಶ್ನಿಸುವುದು ಯೋಧನ ಕೆಲಸವಲ್ಲ, ಇಂದಿಗೂ ಹಾಗೆಂದೇ ನಂಬಿದ್ದೇನೆ. ಆದರೆ ಅವ್ವ ಓಟು ಹಾಕಿ ಕಳುಹಿಸಿದ ಸದಸ್ಯರು ಕೇಳಬೇಕಾದ ಪ್ರಶ್ನೆ ಅದಾಗಿತ್ತು.

ಸಾಗರದವರು ಗುಟ್ಟಿನ ವಿಚಾರ ಎತ್ತಿದ್ದಾರೆ. ಶತ್ರುವಿಗೆ ತಿಳಿಯಬಾರದ್ದು ಎಲ್ಲಿ, ಯಾವಾಗ, ಎಷ್ಟು ಜನ ಎಂಬುದು. ಯಾಕೆ ಎಂಬುದು ಗುಟ್ಟಲ್ಲ. ಅದನ್ನು ಸದನದಲ್ಲಿ ಗಟ್ಟಿಯಾಗಿ ಹೇಳಿದರೆ ಯೋಧನಿಗೆ ಬಲವೇ ಬರುತ್ತದೆ.

ಕುಪ್ಪಳಿ ಕಡೆಯವಳು:
ಸುಬೇದಾರರೇ, ನಿಮ್ಮ ಬರಹ ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ.

ಸಾಗರದ ಅಡಿಕೆ ಬೆಳೆಗಾರ:
ಸುಬೇದಾರರೇ, ನಿಮ್ಮ ಮಾತಿಗೆ ಎದುರಾಡುವ ಅರ್ಹತೆ ನನಗಿಲ್ಲ. ಗುಟ್ಟಿನ ಕುರಿತ ನನ್ನ ಆಕ್ಷೇಪವನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಭದ್ರಾವತಿಯ ಓದುಗಿ:
ಎಲ್ಲರೂ ಒಪ್ಪುತ್ತಿರುವಾಗ ಒಂದು ತಕರಾರು ಎತ್ತಲೇಬೇಕಾಗಿದೆ. ನಮ್ಮಲ್ಲಿ ಮತದಾನ ಇಟ್ಟರೂ ಅದರಿಂದ ಏನಾಗುತ್ತದೆ? 1985ರಲ್ಲಿ ಬಂದ, ಪಕ್ಷಾಂತರ ತಡೆಯುವ ಹತ್ತನೆಯ ಅನುಸೂಚಿಯಂತೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆಜ್ಞೆ) ಮೀರಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ 2013ರ ಆಗಸ್ಟ್ 29ರಂದು ಸಿರಿಯಾದ ಮೇಲೆ ದಾಳಿ ಮಾಡಬೇಕೆಂಬ ಕ್ಯಾಮರಾನ್ ಸರ್ಕಾರದ ನಿರ್ಣಯ 272ಕ್ಕೆ 285ರಂತೆ ಸೋತಿತು. ಸೋಲಿಸಿದವರಲ್ಲಿ ಅವರದೇ ಪಕ್ಷದ ಸದಸ್ಯರೂ ಇದ್ದರು. ಪ್ರಧಾನಿ ಅದನ್ನು ಒಪ್ಪಿಕೊಂಡು ದಾಳಿಯಿಂದ ಹಿಂದೆ ಸರಿದರು. ನಮ್ಮ ಲೋಕಸಭೆಯಲ್ಲಿ ಆಡಳಿತ ಪಕ್ಷದ ಸದಸ್ಯರಿಂದ ಅಂಥದ್ದನ್ನು ನಿರೀಕ್ಷಿಸಬಹುದೇ? ಪಕ್ಷಾಂತರ ನಿಷೇಧವನ್ನು ಈ ಒಂದು ವಿಷಯಕ್ಕಾದರೂ ಸಡಿಲಿಸದೆ ಮತದಾನ ಬೇಕೆಂದು ಕೇಳುವುದು ಮೊದಲೇ ಎಣಿಸಿಟ್ಟ ಮತಗಳನ್ನು ಮತ್ತೆ ಎಣಿಸಿದಂತೆ.

ಶರಾವತಿ ಹಿನ್ನೀರು:
ಬ್ರಿಟನ್ನಿನ ಉದಾಹರಣೆಗೂ ಇನ್ನೊಂದು ಮುಖವಿದೆ, ಅಕ್ಕ. 2003ರ ಮಾರ್ಚ್ 18ರಂದು ಅದೇ ಸದನ 412ಕ್ಕೆ 149ರಂತೆ ಇರಾಕ್ ಯುದ್ಧವನ್ನು ಒಪ್ಪಿತ್ತು, ಸಮೂಹನಾಶಕ ಅಸ್ತ್ರಗಳಿವೆ ಎಂಬ ಮಾತನ್ನು ನಂಬಿ. ಅಲ್ಲಿಯೂ ಮತದಾನ ಸಂಪ್ರದಾಯವಷ್ಟೇ, ಕಾನೂನಲ್ಲ. 2018ರ ಏಪ್ರಿಲ್‌ನಲ್ಲಿ ತೆರೇಸಾ ಮೇ ಸದನವನ್ನು ಕೇಳದೆಯೇ ಸಿರಿಯಾದ ಮೇಲೆ ದಾಳಿ ಮಾಡಿಸಿದರು.

ತುಂಗಾತೀರದ ಮೇಷ್ಟ್ರು, ತೀರ್ಥಹಳ್ಳಿ:
ಓದುಗಿಯವರ ತಕರಾರು ತೂಕದ್ದು. ಆದರೂ ಸದನದ ಮಾತು ನಮ್ಮಲ್ಲಿ ವ್ಯರ್ಥವಾಗಿದೆ ಎನ್ನಲಾರೆ. 1971ರ ಮಾರ್ಚ್ 31ರಂದು ಸಂಸತ್ತು ಪೂರ್ವ ಬಂಗಾಳದ ಜನರ ಪರವಾಗಿ ನಿರ್ಣಯ ಮಾಡಿತು, ಯುದ್ಧ ಬಂದದ್ದು ಡಿಸೆಂಬರ್‌ನಲ್ಲಿ. ಆ ಎಂಟು ತಿಂಗಳಲ್ಲಿ ದೇಶ ಯಾವುದಕ್ಕಾಗಿ ನಿಂತಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಮೇಲಿನ ದಾಳಿಯನ್ನು ಖಂಡಿಸಿ ಒಮ್ಮತದ ನಿರ್ಣಯ ಅಂಗೀಕರಿಸಿತು. ಅಲ್ಲಿಗೆ ನಮ್ಮ ಸೈನ್ಯ ಬರಲಿ ಎಂದು ಅಮೆರಿಕ ಒತ್ತಾಯಿಸಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದು ಎಂದು ಜುಲೈನಲ್ಲಿ ವಾಜಪೇಯಿ ಸರ್ಕಾರ ತೀರ್ಮಾನಿಸಿತು. ತೀರ್ಮಾನಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನಿರ್ಣಯವನ್ನು ಕಡತದಲ್ಲಿಟ್ಟುಕೊಂಡು ಪಡೆ ಕಳುಹಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಗೋಪಾಳದ ಹುಡುಗ:
ಕಾರ್ಗಿಲ್ ಸಮಯದಲ್ಲಿ ಸಂಸತ್ತು ಏನು ಮಾಡಿತು?

ಹೊಸನಗರದ ವಕೀಲ:
1999ರ ಏಪ್ರಿಲ್‌ನಲ್ಲೇ ಲೋಕಸಭೆ ವಿಸರ್ಜನೆಯಾಗಿತ್ತು, ಯುದ್ಧವನ್ನು ನಡೆಸಿದ್ದು ಉಸ್ತುವಾರಿ ಸರ್ಕಾರ. ರಾಜ್ಯಸಭೆ ವಿಸರ್ಜನೆಯಾಗದ ಸದನ, ಅದರ ವಿಶೇಷ ಅಧಿವೇಶನ ಕರೆಯಿರೆಂದು ವಿರೋಧ ಪಕ್ಷಗಳು ಕೇಳಿದವು. ಕರೆಯಲಿಲ್ಲ. ಆದರೆ ಒಂದನ್ನು ಮೆಚ್ಚಬೇಕು: ಕಾರ್ಗಿಲ್ ಪರಿಶೀಲನೆಗೆ ನೇಮಿಸಿದ ಕೆ. ಸುಬ್ರಹ್ಮಣ್ಯಂ ಅವರ ಸಮಿತಿಯ ವರದಿಯನ್ನು, ಕೆಲವು ಭಾಗ ಬಿಟ್ಟು, 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟರು. 1962ರ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಇಂದಿಗೂ ಅಧಿಕೃತವಾಗಿ ಹೊರಗಿಟ್ಟಿಲ್ಲ.

ಶರಾವತಿ ಹಿನ್ನೀರು:
ಆದರೆ ಕಾರ್ಗಿಲ್ ನಮ್ಮದೇ ನೆಲ. ನಿಯಂತ್ರಣ ರೇಖೆ ದಾಟಬಾರದೆಂದೇ ಆಗ ತೀರ್ಮಾನವಾಗಿತ್ತು. ಮನೆಗೆ ನುಗ್ಗಿದವರನ್ನು ಓಡಿಸುವುದಕ್ಕೂ ನಾವು ಗಡಿ ದಾಟುವುದಕ್ಕೂ ಒಂದೇ ನಿಯಮ ಇರಬಾರದು. ಈ ಗೆರೆಯನ್ನು ಕಾನೂನು ಮೊದಲೇ ಎಳೆಯಬೇಕು.

ಇಕ್ಕೇರಿ ಅಭಿಮಾನಿ:
ಕೆಳದಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಾಗ ಯಾವ ಸಭೆಯ ಮತವನ್ನೂ ಕೇಳಲಿಲ್ಲ. ನಾಯಕತ್ವ ಎಂದರೆ ಅದು.

ಕುಪ್ಪಳಿ ಕಡೆಯವಳು:
ಚೆನ್ನಮ್ಮನ ಧೈರ್ಯಕ್ಕೆ ಮಲೆನಾಡಿನಲ್ಲಿ ತಲೆಬಾಗದವರು ಯಾರಿದ್ದಾರೆ? ಆದರೆ ಅವಳದು ಅರಸೊತ್ತಿಗೆ, ಕಾದಿದ್ದು ತನ್ನ ನೆಲದಲ್ಲಿ. ಕೆಳದಿಯ ಜೊತೆಗೆ ಆರಗದ ಶಾಂತವೇರಿ ಗೋಪಾಲಗೌಡರನ್ನೂ ನೆನೆಯೋಣ. ಕಾಗೋಡಿನ ಗೇಣಿದಾರರ ಹೋರಾಟದಿಂದ ಬಂದು 1952ರಲ್ಲಿ ಶಾಸನಸಭೆಗೆ ಹೋದವರು ಸರ್ಕಾರವನ್ನು ಎದ್ದುನಿಂತು ಕೇಳುವುದನ್ನೇ ತಮ್ಮ ಕೆಲಸವೆಂದುಕೊಂಡಿದ್ದರು. ಅದೂ ಈ ನೆಲದ್ದೇ ನಾಯಕತ್ವ.

ಕೊಪ್ಪದ ಸೊಸೈಟಿ ಕಾರ್ಯದರ್ಶಿ:
ಹಣದ ಕಡೆಯಿಂದ ಹಿಡಿತ ಸಾಧ್ಯವಿಲ್ಲವೇ? 113ನೆಯ ವಿಧಿಯಂತೆ ರಕ್ಷಣಾ ಇಲಾಖೆಯ ಬೇಡಿಕೆಗೂ ಲೋಕಸಭೆ ಮತ ಹಾಕಲೇಬೇಕಲ್ಲ.

ಭದ್ರಾವತಿಯ ಓದುಗಿ:
ಹಾಕುತ್ತದೆ, ಚರ್ಚಿಸುವುದು ಮಾತ್ರ ಅಪರೂಪ. ಸಮಯ ಮುಗಿಯಿತೆಂದು ಉಳಿದೆಲ್ಲ ಬೇಡಿಕೆಗಳನ್ನು ಒಟ್ಟಿಗೆ ಮತಕ್ಕೆ ಹಾಕುವ ಗಿಲೋಟಿನ್ ಪದ್ಧತಿಯಲ್ಲಿ ರಕ್ಷಣೆಯೂ ಹಲವು ವರ್ಷ ಸೇರಿಹೋಗಿದೆ. 2018ರ ಮಾರ್ಚ್‌ನಲ್ಲಂತೂ ಎಲ್ಲ ಇಲಾಖೆಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಅಂಗೀಕಾರವಾದವು. ಇರುವುದರಲ್ಲಿ ಕೆಲಸ ಮಾಡುವುದು 1993ರಿಂದ ಇರುವ ರಕ್ಷಣಾ ಸ್ಥಾಯಿ ಸಮಿತಿ. ಎರಡೂ ಸದನಗಳ 31 ಸದಸ್ಯರು ಬಾಗಿಲು ಮುಚ್ಚಿ ಕೂರುತ್ತಾರೆ, ಅಲ್ಲಿ ಗುಟ್ಟಿನ ಮಾತನ್ನೂ ಆಡಬಹುದು. ಕಾನೂನು ಬರುವುದಾದರೆ ಈ ಸಮಿತಿಗೆ ವಿವರ ಕೊಡುವುದು ಸರ್ಕಾರದ ಮರ್ಜಿಯಾಗಿರದೆ ಕರ್ತವ್ಯವಾಗಬೇಕು. ಟಾಂಕಿನ್ ಕೊಲ್ಲಿಯ ಪ್ರಕರಣ ಹೇಳುವುದೂ ಅದನ್ನೇ, ಮಾಹಿತಿಯಿಲ್ಲದ ಮತ ಮೋಸಹೋದ ಮತ.

ಜಯನಗರ ನಿವಾಸಿ, ಶಿವಮೊಗ್ಗ:
ಕಳೆದ ವರ್ಷಗಳ ಮಾತೇಕೆ? ಪಹಲ್ಗಾಮ್ ದಾಳಿಯ ನೋವು ನಮ್ಮ ಜಿಲ್ಲೆಗೂ ತಟ್ಟಿತ್ತು. ಆಪರೇಷನ್ ಸಿಂಧೂರ 2025ರ ಮೇ 7ರಂದು ನಡೆಯಿತು, ವಿಶೇಷ ಅಧಿವೇಶನ ಕರೆಯಿರೆಂದು ವಿರೋಧ ಪಕ್ಷಗಳು ಕೇಳಿದವು, ಲೋಕಸಭೆಯಲ್ಲಿ ಚರ್ಚೆ ಆರಂಭವಾದದ್ದು ಜುಲೈ 28ರಂದು. ಆಗ ದಾಳಿ ಬೇಕೆಂದೇ ಮನಸ್ಸು ಹೇಳುತ್ತಿತ್ತು, ಈಗಲೂ ಅದು ಸರಿಯೆಂದೇ ನನ್ನ ನಂಬಿಕೆ. ಸರಿಯಾದ ಕೆಲಸಕ್ಕೆ ಸದನದ ಮುದ್ರೆ ಬೇಗ ಬಿದ್ದಿದ್ದರೆ ಅದರ ಬಲ ಕಡಿಮೆಯಾಗುತ್ತಿರಲಿಲ್ಲ.

ನಿರ್ವಾಹಕರು:
ಇಲ್ಲಿಂದ ಮುಂದೆ ಪಕ್ಷಗಳ ಪರ, ವಿರೋಧದ ಮಾತು ಬೇಡ. ಅಂಥ ಎರಡು ಉತ್ತರಗಳನ್ನು ತೆಗೆದಿದ್ದೇವೆ.

ಶರಾವತಿ ಹಿನ್ನೀರು:
ನಮಗೆ ಹತ್ತಿರವಾಗಬಲ್ಲ ಮಾದರಿ ಜರ್ಮನಿಯದು. ಅಲ್ಲಿನ ಸಂವಿಧಾನ ನ್ಯಾಯಾಲಯ 1994ರಲ್ಲಿ, ಹೊರದೇಶದಲ್ಲಿ ಸಶಸ್ತ್ರ ಪಡೆಯನ್ನು ಬಳಸಲು ಸಂಸತ್ತಿನ ಒಪ್ಪಿಗೆ ಬೇಕೆಂದು ತೀರ್ಪಿತ್ತಿತು. 2005ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿದರು. ಸರ್ಕಾರ ತನ್ನ ಪ್ರಸ್ತಾವದಲ್ಲಿ ಉದ್ದೇಶ, ಪ್ರದೇಶ, ಹೆಚ್ಚೆಂದರೆ ಎಷ್ಟು ಸೈನಿಕರು, ಎಷ್ಟು ಕಾಲ, ಎಷ್ಟು ಖರ್ಚು ಎಂಬುದನ್ನು ಬರೆಯಬೇಕು. ತಡಮಾಡಲಾಗದ ಅಪಾಯವಿದ್ದರೆ ಮೊದಲು ಕಳುಹಿಸಿ ಆಮೇಲೆ ಒಪ್ಪಿಗೆ ಕೇಳಬಹುದು. ಸದನ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಫ್ರಾನ್ಸ್ 2008ರಲ್ಲಿ ಸಂವಿಧಾನ ತಿದ್ದಿ, ಮೂರು ದಿನದೊಳಗೆ ತಿಳಿಸಬೇಕು, ನಾಲ್ಕು ತಿಂಗಳು ದಾಟಿದರೆ ಒಪ್ಪಿಗೆ ಬೇಕು ಎಂದು ಬರೆದುಕೊಂಡಿತು.

ಕುಪ್ಪಳಿ ಕಡೆಯವಳು:
ವಿಶ್ವಸಂಸ್ಥೆಯ ನೀಲಿ ಟೋಪಿಯಡಿ ಹೋಗುವವರ ಗತಿಯೇನು? ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾಂಗೋದಲ್ಲಿ 1961ರಲ್ಲಿ ಶಾಂತಿಪಾಲನೆ ನೇರ ಕಾದಾಟವಾಯಿತು, ಕ್ಯಾಪ್ಟನ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದದ್ದು ಅಲ್ಲಿಯೇ.

ಹೊಸನಗರದ ವಕೀಲ:
ಅವರನ್ನೂ ಸೇರಿಸಬೇಕು. ಸಂಸತ್ತಿಗೆ ಇದು ಹೊಸ ಕೆಲಸವೇನೂ ಅಲ್ಲ. ನೌಕಾಪಡೆ ಹೊರಸಮುದ್ರದಲ್ಲಿ ಕಡಲ್ಗಳ್ಳರನ್ನು ಹಿಡಿಯುವುದಕ್ಕೆ 2022ರಲ್ಲಿ ಕಾನೂನು ಮಾಡಿದೆ. ಸಮುದ್ರಕ್ಕೆ ಮಾಡಿದ್ದನ್ನು ನೆಲಕ್ಕೂ ಮಾಡಬಹುದು.

ತುಂಗಾತೀರದ ಮೇಷ್ಟ್ರು, ತೀರ್ಥಹಳ್ಳಿ:
ನಿಮ್ಮೆಲ್ಲರ ಮಾತುಗಳನ್ನು ತರಗತಿಯಲ್ಲಿ ಓದಿದೆ. ಆ ಹುಡುಗಿ ಯುವ ಸಂಸತ್ತಿನಲ್ಲಿ ಇದನ್ನೇ ಮಸೂದೆಯಾಗಿ ಮಂಡಿಸುತ್ತಾಳಂತೆ. ಅವಳ ಕರಡು ಹೀಗಿದೆ: ಸೇನೆಯನ್ನು ಕಾದಾಟದ ಸಂಭವವಿರುವ ಹೊರದೇಶಕ್ಕೆ ಕಳುಹಿಸಿದ 48 ಗಂಟೆಗಳೊಳಗೆ ರಕ್ಷಣಾ ಸ್ಥಾಯಿ ಸಮಿತಿಗೆ ಗುಪ್ತವಾಗಿ ವಿವರ ನೀಡಬೇಕು, 30 ದಿನಗಳೊಳಗೆ ಎರಡೂ ಸದನಗಳನ್ನು ಕರೆದು ಉದ್ದೇಶ, ಪ್ರದೇಶ, ಅವಧಿಯನ್ನು ತಿಳಿಸಿ ಅನುಮೋದನೆ ಪಡೆಯಬೇಕು, ಆ ಮತದಾನಕ್ಕೆ ವಿಪ್ ಇರಬಾರದು, ಅನುಮೋದನೆ ಒಂದು ವರ್ಷಕ್ಕೆ ಮಾತ್ರ. 30 ದಿನ ಏಕೆಂದು ಕೇಳಿದೆ. "352ರಲ್ಲಿಯೂ ಒಂದು ತಿಂಗಳೇ ಇದೆಯಲ್ಲ ಸರ್" ಎಂದಳು. ಕೊರತೆಯಿದ್ದರೆ ತಿದ್ದಿ.

ಸಾಗರದ ಅಡಿಕೆ ಬೆಳೆಗಾರ:
ಮಾಲ್ಡೀವ್ಸ್‌ನ ರಾತ್ರಿ ಈ ಕರಡಿನಲ್ಲೂ ನಡೆಯುತ್ತದೆ. ನನ್ನ ಒಪ್ಪಿಗೆ ಇದೆ.

ಭದ್ರಾವತಿಯ ಓದುಗಿ:
ವಿಪ್ ಇಲ್ಲ ಎಂದು ಬರೆದರೆ ಸಾಲದು. ಹತ್ತನೆಯ ಅನುಸೂಚಿ ಸಂವಿಧಾನದ ಭಾಗ. ಅದಕ್ಕೆ ತಿದ್ದುಪಡಿ ಮಸೂದೆಯೊಂದು ಜೊತೆಗೆ ಬೇಕು, ಎರಡೂ ಸದನಗಳಲ್ಲಿ ವಿಶೇಷ ಬಹುಮತವೂ ಬೇಕು. ತೀರ್ಪುಗಾರರು ಖಂಡಿತ ಕೇಳುವ ಪ್ರಶ್ನೆ ಇದು, ಮಗಳಿಗೆ ಮೊದಲೇ ಹೇಳಿಕೊಡಿ.

ನಿವೃತ್ತ ಸುಬೇದಾರ್, ಸೊರಬ:
ಮೇಷ್ಟ್ರೇ, ಕರಡನ್ನು ಎರಡು ಸಲ ಓದಿದೆ. ಒಂದು ಮಾತು ಬಿಟ್ಟುಹೋಗಿದೆ. ಕಳುಹಿಸಿದ ಉದ್ದೇಶ ಬದಲಾದರೆ ಮತ್ತೆ ಸದನಕ್ಕೆ ಬಂದು ಒಪ್ಪಿಗೆ ಕೇಳಬೇಕು ಎಂದು ಸೇರಿಸಿ. ನಾವು ಜುಲೈನಲ್ಲಿ ಹೋದದ್ದು ಒಂದು ಕೆಲಸಕ್ಕೆ, ಅಕ್ಟೋಬರ್‌ನಲ್ಲಿ ಮಾಡಿದ್ದು ಇನ್ನೊಂದು ಕೆಲಸ. ಒಂದು ವರ್ಷದ ಅನುಮೋದನೆ ಕೈಯಲ್ಲಿದ್ದರೆ ಈ ಕರಡಿನಲ್ಲೂ ಅದನ್ನು ತಡೆಯಲು ಬರುವುದಿಲ್ಲ.

ಹೊಸನಗರದ ವಕೀಲ:
ಸುಬೇದಾರರ ಮಾತಿಗೆ ನನ್ನ ಭಾಷೆ ಇದು: "ಅನುಮೋದಿತ ಉದ್ದೇಶವು ಮಾರ್ಪಟ್ಟಲ್ಲಿ, ಮೂಲ ಅನುಮೋದನೆಯ ಅವಧಿ ಉಳಿದಿದ್ದರೂ, 15 ದಿನಗಳೊಳಗೆ ಹೊಸದಾಗಿ ಅನುಮೋದನೆ ಪಡೆಯತಕ್ಕದ್ದು."

ತುಂಗಾತೀರದ ಮೇಷ್ಟ್ರು, ತೀರ್ಥಹಳ್ಳಿ:
ಸೇರಿಸಿಕೊಂಡೆವು. ಐದನೆಯ ಖಂಡವಾಗಿ ಇಡೋಣವೆಂದಿದ್ದೆ, ಅವಳು ಮೂರನೆಯದಾಗಿ, ಅನುಮೋದನೆಯ ಖಂಡದ ಕೆಳಗೇ ಇರಲಿ ಎಂದಳು. ಸುಬೇದಾರರೇ, ತಾವು ಶನಿವಾರ ಬಿಡುವಾಗಿದ್ದರೆ ಕಾಲೇಜಿಗೆ ಬಂದು ಮಕ್ಕಳೊಂದಿಗೆ ಮಾತನಾಡಬೇಕೆಂದು ವಿನಂತಿ. ಸೊರಬದಿಂದ ಬರಲು ಬಸ್ಸಿನ ಹೊತ್ತು ನೋಡಿ ತಿಳಿಸುತ್ತೇನೆ.

ನಿವೃತ್ತ ಸುಬೇದಾರ್, ಸೊರಬ:
ಬರುತ್ತೇನೆ. ಬೆಳಗಿನ ಬಸ್ಸು ನನಗೆ ಗೊತ್ತಿದೆ.